ಚಿಂತಲಪಲ್ಲಿಯಲ್ಲಿ ಯಾರಿಗೂ ಜ್ವರವಿಲ್ಲ

ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ವಾರದಲ್ಲಿ ಚಿಂತಲಪಲ್ಲಿಯಲ್ಲಿ ಯಾರಿಗೂ ಜ್ವರ ಬರುವ ಹಾಗಿಲ್ಲ. ಬಂದರೂ ಅದನ್ನು ಜ್ವರ ಎನ್ನುವ ಹಾಗಿಲ್ಲ. ‘ಮೈ ಸೋತಿದೆ’ ಎನ್ನಬೇಕು, ಇಲ್ಲವೇ ‘ಬಿಸಿಲು ತಾಕಿದೆ’ ಎನ್ನಬೇಕು. ತೀರಾ ಏಳಲಾಗದಿದ್ದರೆ ಸದ್ದಿಲ್ಲದೆ ಬೈಕು ಹತ್ತಿ, ಗಡಿ ದಾಟಿ, ಮದನಪಲ್ಲಿ ಕಡೆ ಹೋಗಿ ಸೂಜಿ ಹಾಕಿಸಿಕೊಂಡು ಬರಬೇಕು. ಆಂಧ್ರದಲ್ಲಿ ತೋರಿಸಿದ ಜ್ವರ ಕೋಲಾರದ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದು ಊರಿನ ಶಾಸ್ತ್ರ. ಹುಳುವಿಗಾದರೆ ನಾಲ್ಕು ಸಲ ಜ್ವರ ಬರಬಹುದು. ಮೇವು ಬಿಟ್ಟು ಪೊರೆ ಕಳಚಲು ಮಲಗುವುದನ್ನು ಸಾಕುವವರು ಜ್ವರ ಎಂದೇ ಕರೆಯುತ್ತಾರೆ. ಸಾಕುವವರಿಗೆ ಆ ಭಾಗ್ಯವಿಲ್ಲ.

ನಗಬೇಡಿ, ಇದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಊರಲ್ಲಿ ಯಾರಿಗೋ ಡೆಂಗಿ ಬಂತೆಂದು ಸೊಳ್ಳೆಗೆ ಹೊಗೆ ಹೊಡೆಯುವ ಯಂತ್ರ ಬಂತು. ಬೀದಿಯ ಈ ತುದಿಯಿಂದ ಆ ತುದಿಗೆ ಬೆಳ್ಳಗೆ ಹೊಗೆ ಎಬ್ಬಿಸಿ ಹೋಯಿತು. ಸೊಳ್ಳೆ ಎಷ್ಟು ಸತ್ತವೋ ದೇವರೇ ಬಲ್ಲ. ಇನ್ನೇನು ಗೂಡು ಕಟ್ಟಬೇಕಾಗಿದ್ದ ಹುಳುಗಳೆಲ್ಲ ಹಸಿರು ವಾಂತಿ ಮಾಡಿಕೊಂಡು ತಟ್ಟೆಗಳಲ್ಲೇ ಕೊಳೆತವು. ಬುಟ್ಟಿಗಟ್ಟಲೆ ಹೊತ್ತು ತಿಪ್ಪೆಗೆ ಸುರಿದ ಹೆಂಗಸರು ಸತ್ತವರ ಮನೆಯಲ್ಲಿ ಅತ್ತ ಹಾಗೆ ಅತ್ತರು. ಅಂದಿನಿಂದ ಊರ ಬಾಯಿಗೆ ಬೀಗ ಬಿತ್ತು.

ಆ ಬೀಗದ ಒಂದು ಕೈ ಆಶಾ ಕಾರ್ಯಕರ್ತೆ ಸುನಂದಳ ಹತ್ತಿರವೂ ಇತ್ತು.

ಸುನಂದ ಮುಳಬಾಗಿಲು ಕಡೆಯ ಹೆಣ್ಣು. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ರಾಯಲ್ಪಾಡಿನ ಆಚೆಯ ಈ ಊರಿಗೆ ಸೊಸೆಯಾಗಿ ಬಂದು, ತೆಲುಗು ಕಲಿತು, ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು ಕಲಿತಳು. ಗಂಡ ಅಮರನಾಥ್ ಮಾಲೂರಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ, ಭಾನುವಾರಕ್ಕೊಮ್ಮೆ ಮುಖ ತೋರಿಸುತ್ತಾನೆ. ಮನೆಯಲ್ಲಿ ಉಳಿದವರು ಅವಳು ಮತ್ತು ಅತ್ತೆ ರಾಮಲಕ್ಷ್ಮಮ್ಮ. ಹುಳುವಿನ ಮನೆ ಅತ್ತೆಯ ರಾಜ್ಯ, ಬೀದಿ ಸೊಸೆಯ ರಾಜ್ಯ. ಗುಲಾಬಿ ಸೀರೆ ಉಟ್ಟು ಸುನಂದ ಹೊರಟಳೆಂದರೆ ಬಸುರಿಯರು, ಬಾಣಂತಿಯರು, ಸಕ್ಕರೆ ಕಾಯಿಲೆಯ ಮುದುಕರು ಎಲ್ಲರಿಗೂ ಒಂದೊಂದು ಗದರಿಕೆ ಸಿಗುತ್ತಿತ್ತು. ಅವಳ ಗದರಿಕೆಗೆ ಊರು ಒಗ್ಗಿಹೋಗಿತ್ತು, ಅವಳು ಬಾರದ ದಿನ ಏನೋ ಕಳೆದುಕೊಂಡಂತೆ ಆಗುತ್ತಿತ್ತು.

ಆ ವರ್ಷ ಕೋಲಾರದಲ್ಲಿ ಅವಳಿಗೆ ಹೊಸ ತರಬೇತಿ ಕೊಟ್ಟರು. ಪ್ರಯೋಗಕ್ಕೆಂದು ಆರಿಸಿದ ಕೆಲವು ಊರುಗಳಲ್ಲಿ ಚಿಂತಲಪಲ್ಲಿಯೂ ಒಂದು. ಹೇಳಿಕೊಟ್ಟವನು ನಂದಕುಮಾರ್ ಎಂಬ ಅಧಿಕಾರಿ, ಒಳ್ಳೆಯ ಮಾತುಗಾರ. ಬ್ಲಾಕ್‌ಚೈನ್ ಎಂದು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಹೆಂಗಸರೆಲ್ಲ ಆಕಳಿಸುವುದನ್ನು ಕಂಡು ನಿಲ್ಲಿಸಿಬಿಟ್ಟ.

“ಟೊಮೆಟೊ ಮಂಡೀಲಿ ಹರಾಜು ಕೂಗೋದು ನೋಡಿದೀರಲ್ಲಮ್ಮಾ? ರೇಟು ಒಂದ್ಸಲ ಕೂಗಿದ್ಮೇಲೆ ಎಲ್ಲರ ಕಿವಿಗೂ ಬಿದ್ದಿರುತ್ತೆ. ಆಮೇಲೆ ಒಬ್ಬ ಬಂದು ‘ನಾನು ಹಂಗೆ ಕೂಗೇ ಇಲ್ಲ’ ಅಂದ್ರೆ ಯಾರಾದ್ರೂ ಒಪ್ತಾರಾ? ಇದೂ ಹಂಗೇ. ನೀವು ಫೋನಲ್ಲಿ ಹಾಕಿದ್ದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕು ಕಡೇನೂ ಒಟ್ಟಿಗೇ ಕೂರುತ್ತೆ. ಒಂದಕ್ಕೆ ಒಂದು ಸರಪಳಿ. ಒಂದು ಕಡೆ ತಿದ್ದಿದ್ರೆ ಉಳಿದ ಮೂರು ಕಡೆ ಗೊತ್ತಾಗಿಬಿಡುತ್ತೆ. ನಾನೂ ಅಳಿಸೋಕಾಗಲ್ಲ, ನಮ್ಮ ಮೇಲಿನ ಸಾಹೇಬ್ರೂ ಅಳಿಸೋಕಾಗಲ್ಲ.”

ಹಿಂದೆಲ್ಲ ಊರಿನ ಜ್ವರ ಮೇಲಕ್ಕೆ ಹೋಗುತ್ತಾ ಹೋಗುತ್ತಾ ಕರಗುತ್ತಿತ್ತು. ಈಗ ಕರಗುವುದಿಲ್ಲ. ರೋಗಿಯ ಹೆಸರು ಯಾರಿಗೂ ಕಾಣುವುದಿಲ್ಲ, ಯಾವ ಮನೆ ಎಂಬುದು ಇಲಾಖೆಗೆ ಮಾತ್ರ ಗೊತ್ತು. ಊರು, ವಾರ, ಎಷ್ಟು ಮನೆಯಲ್ಲಿ ಜ್ವರ ಎಂಬುದನ್ನು ಮಾತ್ರ ಯಾರು ಬೇಕಾದರೂ ತಮ್ಮ ಫೋನಿನಲ್ಲೇ ನೋಡಬಹುದು. ಸುನಂದಳಿಗೆ ಇದು ಬಹಳ ಹಿಡಿಸಿತು. ತಾನು ಬಿಸಿಲಲ್ಲಿ ಸುತ್ತಿ ಬರೆದದ್ದನ್ನು ಯಾರೋ ಫ್ಯಾನಿನ ಕೆಳಗೆ ಕೂತು ಬದಲಾಯಿಸುವುದು ಇನ್ನು ನಿಂತಿತು ಎಂದು ಬಸ್ಸಿನಲ್ಲಿ ಪಕ್ಕದವಳ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಳು.

ಆದರೆ ಅಳಿಸಲಾಗದ ಪುಸ್ತಕಕ್ಕೂ ಒಂದು ದೌರ್ಬಲ್ಯವಿದೆ. ಬರೆಯದೆ ಬಿಟ್ಟದ್ದು ಅದಕ್ಕೆ ಗೊತ್ತಾಗುವುದಿಲ್ಲ.

ಶನಿವಾರ ಫೋನು ಎಂದಿನಂತೆ ಕೇಳಿತು: ಈ ವಾರ ಊರಿನಲ್ಲಿ ಜ್ವರ ಇದೆಯೇ? ವೆಂಕಟನ ಹೆಂಡತಿ ಗಡಿಯಾಚೆ ಸೂಜಿ ಹಾಕಿಸಿಕೊಂಡು ಬಂದದ್ದು ಸುನಂದಳಿಗೆ ಹಿಂದಿನ ಶನಿವಾರವೇ ಗೊತ್ತಿತ್ತು, ಆಗಲೂ ‘ಇಲ್ಲ’ ಎಂದೇ ಒತ್ತಿದ್ದಳು. ಕೋದಂಡರಾಮಪ್ಪ ಕಂಬಳಿ ಹೊದ್ದು ನಡುಗುತ್ತಾ ಮಲಗಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಆದರೆ ಎಲ್ಲರ ಮನೆಯ ಹುಳುಗಳೂ ನಾಲ್ಕನೇ ಜ್ವರದಿಂದ ಎದ್ದು ಸೊಪ್ಪು ತಿನ್ನುವ ಸದ್ದು ಬೀದಿಗೆ ಕೇಳಿಸುತ್ತಿತ್ತು. ಅವಳ ಮನೆಯದೂ ಸೇರಿ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಊರಿನ ಆರೋಗ್ಯ ಕಾಯಬೇಕಾದವಳು ಈ ಸಲವೂ ‘ಇಲ್ಲ’ ಎಂಬುದನ್ನೇ ಒತ್ತಿದಳು. ನಾಲ್ಕು ಊರುಗಳಲ್ಲಿ ಆ ‘ಇಲ್ಲ’ ಭದ್ರವಾಗಿ ಕೂತಿತು.

ಮುಂದಿನ ಗುರುವಾರ ಸಂಜೆ ಆಂಜಿನಮ್ಮ ಅವಳ ಮನೆಗೆ ಬಂದಳು. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹುಳು ಸಾಕುವ ಅಶ್ವತ್ಥಪ್ಪನ ಹೆಂಡತಿ. ಚಪ್ಪಲಿಯನ್ನೂ ಹಾಕಿಕೊಂಡಿರಲಿಲ್ಲ.

“ಸುನಂದಾ, ಒಂಚೂರು ಬಾರಮ್ಮಾ. ಅರ್ಪಿತಂಗೆ ಮೈ ಸೋತಿದೆ.”

ಅರ್ಪಿತ ಅವರ ಮೊಮ್ಮಗಳು, ಎರಡನೇ ಕ್ಲಾಸು. ಹುಟ್ಟಿದಾಗ ಮೊದಲು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡವಳು ಸುನಂದಳೇ. ಈಗ ಮಗು ಚಾಪೆಯ ಮೇಲೆ ಮಂಡಿ ಮಡಿಸಿಕೊಂಡು ಮಲಗಿತ್ತು. ಹೊಟ್ಟೆ ಮುಟ್ಟಿದರೆ ನರಳುತ್ತಿತ್ತು, ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಸುನಂದ ತೋಳನ್ನು ಬೆಳಕಿಗೆ ಹಿಡಿದು ನೋಡಿದಳು. ಚರ್ಮದ ಕೆಳಗೆ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕೆಗಳು.

“ಯಾವಾಗಿಂದ?”

“ಮಂಗಳವಾರದಿಂದ,” ಎಂದ ಬಾಗಿಲಲ್ಲಿ ನಿಂತಿದ್ದ ಅಶ್ವತ್ಥಪ್ಪ. “ನಿನ್ನೆ ಆ ಕಡೆ ಕರ್ಕೊಂಡೋಗಿದ್ವಮ್ಮಾ. ಡಾಕ್ಟರಮ್ಮ ಚೆನ್ನಾಗೇ ನೋಡಿದ್ರು.”

“ರಕ್ತ ತಗೊಂಡ್ರಾ?”

“ಇಲ್ಲ. ಯಾವೂರು ಅಂತ ಕೇಳಿದ್ರು. ಹೇಳಿದ್ವಿ. ಆಯಮ್ಮ ಫೋನು ತೆಗೆದು ನೋಡಿ, ‘ನಿಮ್ಮೂರಲ್ಲಿ ಜ್ವರಾನೇ ಇಲ್ವಲ್ಲ, ಇದು ಮಾಮೂಲು ಜ್ವರ, ಎರಡು ದಿನ ಸಿರಪ್ ಹಾಕಿ ನೋಡೋಣ’ ಅಂದ್ರು.”

ಸುನಂದ ಮಗುವಿನ ತೋಳನ್ನು ಮೆಲ್ಲಗೆ ಚಾಪೆಯ ಮೇಲಿಟ್ಟಳು. ಅವಳು ಒತ್ತಿದ ಒಂದು ‘ಇಲ್ಲ’ ಅವಳಿಗಿಂತ ಮೊದಲೇ ಗಡಿ ದಾಟಿ ಹೋಗಿ, ಆ ಡಾಕ್ಟರಮ್ಮನ ಕೈಯಿಂದ ಸೂಜಿಯನ್ನು ಕಿತ್ತು ಕೆಳಗಿಟ್ಟಿತ್ತು. ಯಾರೂ ತಿದ್ದಲಾಗದ ಲೆಕ್ಕವೆಂದು ತಾನೇ ಆಕೆ ನಂಬಿದ್ದು? ನಂಬಿದ್ದು ಆಕೆಯ ತಪ್ಪಲ್ಲ. ಸುನಂದ ಫೋನು ಕೈಗೆ ತೆಗೆದುಕೊಂಡಳು.

ಅಶ್ವತ್ಥಪ್ಪನಿಗೆ ಅರ್ಥವಾಯಿತು. “ಅಟ್ಲಾ ಅಲ್ಲಮ್ಮಾ, ಹಂಗೆ ಮಾಡ್ಬೇಡ... ಆಂಬುಲೆನ್ಸ್ ಕರಿ, ಕೋಲಾರಕ್ಕೆ ಈಗ್ಲೇ ಹೋಗ್ತೀವಿ. ಎಷ್ಟು ಖರ್ಚಾದ್ರೂ ಆಗ್ಲಿ. ಅದ್ರಲ್ಲಿ ಮಾತ್ರ ಹಾಕ್ಬೇಡ. ನಾಕು ದಿನ ಕಣಮ್ಮಾ. ಊರೆಲ್ಲಾ ಗೂಡು ಕಟ್ಟಲಿ. ಆಮೇಲೆ ಏನ್ ಬೇಕಾದ್ರೂ ಬರ್ಕೋ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎರಡು ವಾರದಿಂದ ಸುನಂದಳೂ ಅದನ್ನೇ ಮಾಡಿಕೊಂಡು ಬಂದಿದ್ದಳಲ್ಲ.

“ಆಂಬುಲೆನ್ಸ್ ಕರೀತೀನಿ ಮಾವ. ಇದನ್ನೂ ಹಾಕ್ತೀನಿ. ಹಾಕ್ದೇ ಹೋದ್ರೆ ನಾಳೆ ಇನ್ನೊಂದು ಮಗೂನ ಆಯಮ್ಮ ಹಿಂಗೇ ಸಿರಪ್ ಕೊಟ್ಟು ವಾಪಸ್ ಕಳಿಸ್ತಾರೆ.”

“ಹೊಗೆ ಬರುತ್ತೆ ಸುನಂದಾ!” ಅಶ್ವತ್ಥಪ್ಪನ ದನಿ ಒಡೆಯಿತು. “ನಿಮ್ಮತ್ತೆ ಕಣ್ಣಲ್ಲಿ ಕಣ್ಣಿಟ್ಟು ಸಾಕಿದಾಳೆ. ನಿಮ್ಮನೆ ಹುಳಾನೂ ಹೋಗುತ್ತೆ.”

“ಗೊತ್ತು ಮಾವ,” ಎಂದಳು. ‘ಹೌದು’ ಒತ್ತಿದಳು.

ಅರ್ಪಿತಳನ್ನು ಹೊತ್ತ ಗಾಡಿ ಹೋದ ಮೇಲೆ ಊರು ಅವಳೊಡನೆ ಮಾತು ಬಿಟ್ಟಿತು. ಸುದ್ದಿ ಅಷ್ಟು ಬೇಗ ಹಬ್ಬಿತ್ತು. ಮನೆಗೆ ಬಂದರೆ ರಾಮಲಕ್ಷ್ಮಮ್ಮ ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಯ ಸುರುಳಿಗಳಿಗೆ ಬಿಡುತ್ತಿದ್ದಳು. ಅವರ ಹುಳು ಊರಿನವರಿಗಿಂತ ಒಂದು ದಿನ ಮುಂದಿತ್ತು. ಸೊಸೆಯ ಮುಖ ನೋಡಿದಳು. “ಕೈ ತೊಳ್ಕೊಂಡು ಬಾ, ಇನ್ನೂ ಅರ್ಧ ಇದೆ,” ಎಂದಷ್ಟೇ ಅಂದಳು.

ಶುಕ್ರವಾರ ಬೆಳಗ್ಗೆ ಹೊಗೆ ಯಂತ್ರದ ಆಟೋ ಊರ ಮುಂದಿನ ಹುಣಸೆಮರದ ಕೆಳಗೆ ಬಂದು ನಿಂತಿತು. ಯಂತ್ರ ನಡೆಸುವವನು ಗೋಪಿ. ಹಿಂದೆಯೇ ಬೈಕಿನಲ್ಲಿ ನಂದಕುಮಾರ್. ಅರ್ಪಿತಳಿಗೆ ಡೆಂಗಿ ಎಂದು ರಕ್ತ ಹೇಳಿತ್ತು. ಊರಿಗೆ ತಿಳಿದ ಮಟ್ಟಿಗೆ ಮಗು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಊರಿಗೆ ಊರೇ ಆಟೋ ಸುತ್ತ ನಿಂತಿತು. ಯಾರೂ ಕೂಗಲಿಲ್ಲ. ಕೂಗಿದ್ದರೇ ಚೆನ್ನಾಗಿತ್ತು.

“ಸಾರ್, ಇಡೀ ಬೀದಿಗೆ ಹೊಡೀಬೇಡಿ,” ಎಂದಳು ಸುನಂದ. “ಮನೆ ಮನೇಲೂ ಹುಳ ಇದೆ. ಜ್ವರ ಬಂದಿರೋ ಮನೆ ಎಲ್ಲಾ ಸೇರಿದ್ರೂ ಮೂರೋ ನಾಕೋ. ನಾನೇ ತೋರಿಸ್ತೀನಿ.”

ನಂದಕುಮಾರ್ ತನ್ನ ಫೋನನ್ನು ಅವಳ ಮುಂದೆ ಹಿಡಿದ. “ಸುನಂದಮ್ಮ, ಹೋದ ಶನಿವಾರ ಇಲ್ಲ. ಅದರ ಹಿಂದಿನ ಶನಿವಾರ ಇಲ್ಲ. ನಿನ್ನೆ ಒಂದೇ ಸಲಕ್ಕೆ ಡೆಂಗಿ. ಇದ್ದಿದ್ದನ್ನ ಇದ್ದ ಹಾಗೆ ಹಾಕಿದ್ರೆ ಎಲ್ಲಿ ಶುರುವಾಯ್ತು, ಎಲ್ಲಿಗೆ ಹೋಯ್ತು ಅಂತ ನನಗೆ ಕಾಣ್ತಿತ್ತು. ಬರೀ ಆ ಮನೆಗಳ ಒಳಗೆ ಹೊಡೆದು ಹೋಗ್ತಿದ್ದೆ. ಈಗ ಏನೂ ಕಾಣಲ್ಲ. ಕಾಣದೇ ಇದ್ದಾಗ ಎಲ್ಲಾ ಕಡೆನೂ ಹೊಡೀಬೇಕು.”

“ಈಗ ನಾನು ಹೇಳ್ತಿದೀನಲ್ಲ ಸಾರ್.”

“ಹೇಳ್ತಿದೀರ. ನಂಬೋದು ಹೆಂಗೆ?” ಅವನು ಗದರಲಿಲ್ಲ, ಬೇಸರದಿಂದಲೇ ಕೇಳಿದ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಸುನಂದಳ ಮಾನ ಎರಡು ಸಲ ಹೆಬ್ಬೆರಳು ಒತ್ತಿದ್ದಕ್ಕೆ ಹೋಗಿತ್ತು. ಎಷ್ಟೋ ವರ್ಷ ಬಿಸಿಲಲ್ಲಿ ತಿರುಗಿ ಗಳಿಸಿದ್ದು ಅದು. ಅವಳ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಹೋಗಲಿಲ್ಲ.

ನಂದಕುಮಾರನೇ ಕಡೆಗೆ ಒಂದು ದಾರಿ ಹೇಳಿದ. ರೇಷನ್ ಅಂಗಡಿಯಲ್ಲಿರುವಂಥದ್ದೇ ಬೆರಳಚ್ಚಿನ ಪುಟ್ಟ ಯಂತ್ರ ಅವನ ಚೀಲದಲ್ಲಿತ್ತು. “ಮನೆಯವರೇ ಬಂದು, ನಮ್ಮಲ್ಲಿ ಜ್ವರ ಇತ್ತು, ಇಂಥ ದಿನದಿಂದ ಇತ್ತು ಅಂತ ಹೆಬ್ಬೆಟ್ಟು ಕೊಟ್ಟರೆ ಸರಪಳಿ ಒಪ್ಪುತ್ತೆ, ನಾನೂ ಒಪ್ತೀನಿ. ಆ ಮನೆಗಳಿಗೆ ಮಾತ್ರ ಹೊಗೆ. ಉಳಿದವರ ತಂಟೆಗೆ ಬರಲ್ಲ.”

ಈಗ ನೋಡಿ ಪೇಚು. ಒಪ್ಪಿಕೊಂಡವನ ಹುಳು ಸಾಯುತ್ತದೆ. ಸುಮ್ಮನಿದ್ದವನ ಹುಳು ಉಳಿಯುತ್ತದೆ, ಆದರೆ ಬೇರೆಯವರು ಒಪ್ಪಿಕೊಂಡರೆ ಮಾತ್ರ. ಎಲ್ಲರೂ ಸುಮ್ಮನಿದ್ದರೆ ಎಲ್ಲರದೂ ಸಾಯುತ್ತದೆ. ವೆಂಕಟ್ ಕೋದಂಡರಾಮಪ್ಪನ ಮುಖ ನೋಡಿದ. ಕೋದಂಡರಾಮಪ್ಪ ಹುಣಸೆಮರದ ತುದಿ ನೋಡಿದ. ಅವರಿಬ್ಬರ ಹೆಸರು ಸುನಂದಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಅವಳು ಹೇಳಿದರೆ ಅದು ಚಾಡಿಯಾಗುತ್ತಿತ್ತೇ ಹೊರತು ಸಾಕ್ಷಿಯಾಗುತ್ತಿರಲಿಲ್ಲ.

ಗೋಪಿ ಗಡಿಯಾರ ನೋಡಿಕೊಂಡ. “ಸಾರ್, ಬಿಸಿಲೇರಿದ್ರೆ ಹೊಗೆ ನಿಲ್ಲಲ್ಲ. ಶುರು ಮಾಡ್ಲಾ?” ಎಂದು ಯಂತ್ರದ ಹಗ್ಗ ಎಳೆದ. ಯಂತ್ರ ಬಡಬಡನೆ ಸದ್ದು ಮಾಡಿತು. ಹೆಂಗಸೊಬ್ಬಳು “ಅಯ್ಯೋ ದೇವುಡಾ” ಎಂದು ತಲೆಯ ಮೇಲೆ ಕೈ ಹೊತ್ತು ಕೂತಳು.

ಆಗ ರಸ್ತೆಯಲ್ಲಿ ಬಸ್ಸು ನಿಂತಿತು. ಅಶ್ವತ್ಥಪ್ಪ ಇಳಿದ. ನಿನ್ನೆಯ ಅಂಗಿಯಲ್ಲೇ ಇದ್ದ, ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತವನ ಮುಖ. ಎಲ್ಲರೂ ಅವನತ್ತ ತಿರುಗಿದರು. ಸುನಂದ ಮುಂದೆ ಬಂದಳು.

“ಮಾವ... ಮಗು?”

“ಬೆಳಗಿನ ಜಾವ ನೀರು ಕೇಳ್ತಂತೆ. ಕುಡಿದಿದ್ದು ಹೊಟ್ಟೇಲಿ ನಿಂತಿದೆ. ಇನ್ನೊಂದು ದಿನ ಬಿಟ್ಟು ತಂದಿದ್ರೆ ಏನೂ ಮಾಡಕ್ಕಾಗ್ತಿರ್ಲಿಲ್ಲ ಅಂದ್ರು.”

ಹೆಬ್ಬೆಟ್ಟಿನ ಷರತ್ತನ್ನು ಸುನಂದ ಎರಡೇ ಮಾತಿನಲ್ಲಿ ಹೇಳಿದಳು. ಅಶ್ವತ್ಥಪ್ಪ ಯಂತ್ರ ಕಂಡ, ನಂದಕುಮಾರನ ಕೈಯಲ್ಲಿದ್ದ ಪೆಟ್ಟಿಗೆ ಕಂಡ, ಇಬ್ಬರು ಮೂವರ ಮುಖ ಕಂಡ. ಸೀದಾ ಹೋಗಿ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡು ಮುಂದೆ ಚಾಚಿದ.

“ನಮ್ಮನೇಲಿ ಜ್ವರ,” ಎಂದ, ಬೀದಿಗೆಲ್ಲ ಕೇಳುವ ಹಾಗೆ. “ಮಂಗಳವಾರದಿಂದ. ಹೊಡ್ಕೊಳ್ಳಿ ನಮ್ಮನೇಗೆ.”

ಚಿಂತಲಪಲ್ಲಿಯ ಬೀದಿಯಲ್ಲಿ ಬೆಳೆಯ ವಾರದಲ್ಲಿ ಆ ಮಾತು ಎಷ್ಟೋ ವರ್ಷಗಳ ಮೇಲೆ ಕೇಳಿಸಿತು. ವೆಂಕಟ್ ತಲೆ ತಗ್ಗಿಸಿಕೊಂಡು ಬಂದ. ಹಿಂದೆಯೇ ಕೋದಂಡರಾಮಪ್ಪ, “ಮೈ ಸೋತಿತ್ತು” ಎಂದು ಶುರು ಮಾಡಿ, ತಾನೇ ನಿಲ್ಲಿಸಿ, “ಜ್ವರಾನೇ ಕಣಪ್ಪಾ” ಎಂದ.

ನಂದಕುಮಾರ್ ಪರದೆ ನೋಡಿ ಹುಬ್ಬು ಗಂಟಿಕ್ಕಿದ. “ಇವರೆಲ್ಲರಿಗೂ ಎರಡು ವಾರದ ಒಳಗೇ ಬಂದಿದೆ. ಇವರಿಗಿಂತ ಮುಂಚೆ ಯಾರಿಗೋ ಬಂದಿರಬೇಕು. ಅದು ಸಿಗದಿದ್ರೆ ಸೊಳ್ಳೆ ಎಲ್ಲಿ ಹುಟ್ತಿದೆ ಅಂತ ಗೊತ್ತಾಗಲ್ಲ. ಮೊದಲು ಯಾರಿಗೆ?”

ಸುನಂದ ಮನಸ್ಸಿನಲ್ಲೇ ಮನೆ ಮನೆ ಹುಡುಕಿದಳು. ಅವಳಿಗೆ ಗೊತ್ತಿಲ್ಲದ ಜ್ವರ ಈ ಊರಿನಲ್ಲಿ ಇರಲು ಸಾಧ್ಯವೇ?

ಹಿಂದಿನಿಂದ ಜನ ಜರುಗಿ ದಾರಿ ಬಿಟ್ಟರು. ರಾಮಲಕ್ಷ್ಮಮ್ಮ ಬರುತ್ತಿದ್ದಳು. ಕೈಗೆ ಅಂಟಿದ ಸೊಪ್ಪಿನ ಹಸಿರನ್ನು ಸೆರಗಿಗೆ ಒರೆಸಿಕೊಂಡು, ಸೊಸೆಯತ್ತ ನೋಡದೆ ಹೆಬ್ಬೆಟ್ಟು ಒತ್ತಿದಳು.

“ನಂಗೆ. ಎಲ್ಲಾರಿಗಿಂತ ಮುಂಚೆ. ಹುಳ ಎರಡನೇ ಜ್ವರಕ್ಕೆ ಮಲಗಿದ್ವು, ಆವಾಗ. ಹುಳದ ಮನೆ ಒಳಗೇ ಬಾಗಿಲು ಹಾಕ್ಕೊಂಡು ಮಲಗಿದ್ದೆ.”

ಬೀದಿಯಲ್ಲಿದ್ದ ಪ್ರತಿಯೊಬ್ಬರ ಹಣೆ ಮುಟ್ಟಿ ನೋಡುವ ಸುನಂದ ತನ್ನ ಮನೆಯ ಒಳಗಿನ ಬಾಗಿಲನ್ನು ತಟ್ಟಿ ನೋಡಿರಲಿಲ್ಲ. ಅವರ ಮನೆಯ ಹಿತ್ತಿಲಿಗೆ ಹೋದ ಗೋಪಿ ನೀರಿನ ಡ್ರಮ್ಮಿನ ಮುಚ್ಚಳ ಎತ್ತಿ ಕೂಗಿದ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೋ ಎಂದು ತುಂಬಿಟ್ಟ ಡ್ರಮ್ಮು. ಅದರೊಳಗೆ ಸೊಳ್ಳೆಮರಿಗಳು ಬಾಲ ಕುಣಿಸುತ್ತಿದ್ದವು.

“ಹೊಗೆ ಇಲ್ಲಿಂದ ಶುರು,” ಎಂದ ನಂದಕುಮಾರ್. “ಈ ನಾಕು ಮನೆ ಅಷ್ಟೇ. ಉಳಿದವರು ಬಾಗಿಲು ಕಿಟಕಿ ಭದ್ರ ಮಾಡ್ಕೊಳ್ಳಿ. ನೀರನ್ನ ಬಟ್ಟೇಲಿ ಸೋಸಿ, ಡ್ರಮ್ಮು ಉಜ್ಜಿ.”

ಹುಳು ಸಾಕುವ ಊರಿನಲ್ಲಿ ಒಂದು ಕಟ್ಟಳೆಯಿದೆ. ಒಬ್ಬರ ಮನೆಯ ಹುಳು ಇನ್ನೊಬ್ಬರ ಹೊಸಿಲು ದಾಟಬಾರದು, ರೋಗ ಬರುತ್ತದೆ ಎಂಬ ಭಯ. ಬೀದಿಯಲ್ಲಿ ಆಂಜಿನಪ್ಪ ಎಂಬವನೊಬ್ಬನಿದ್ದಾನೆ, ಅವನ ಮನೆಗೆ ಹೊಗೆ ಇರಲಿಲ್ಲ. ಬೆಳೆಯ ಕಾಲದಲ್ಲಿ ಪಕ್ಕದವರ ಚಪ್ಪಲಿ ಅವನ ಅಂಗಳಕ್ಕೆ ಬಂದರೂ ಸುಣ್ಣ ಎರಚುವ ಆಸಾಮಿ. ಆ ಆಂಜಿನಪ್ಪ ಈಗ ರಾಮಲಕ್ಷ್ಮಮ್ಮನ ಬಾಗಿಲಿಗೆ ಬಂದು ನಿಂತು ರೇಗಿದ.

“ಏನ್ ನೋಡ್ತಾ ನಿಂತಿದೀರ? ಹುಳ ಚಂದ್ರಿಕೆ ಹತ್ತಿದಾವಲ್ಲ, ಹೊತ್ಕೊಂಡ್ ಬನ್ನಿ ನಮ್ಮ ಹಜಾರಕ್ಕೆ. ಬೇಗ!”

ಬಿದಿರಿನ ಚಂದ್ರಿಕೆಗಳು ಹೆಂಗಸರ ತಲೆಯೇರಿ ಬೀದಿ ದಾಟಿದವು. ಗೂಡು ಕಟ್ಟಲು ಮೊದಲ ನೂಲು ಎಳೆಯುತ್ತಿದ್ದ ಹುಳುಗಳು ಏನೂ ಅರಿಯದೆ ತಲೆಯಾಡಿಸುತ್ತಲೇ ಇದ್ದವು. ವೆಂಕಟನದೂ ಕೋದಂಡರಾಮಪ್ಪನದೂ ಎಷ್ಟು ಆಯಿತೋ ಅಷ್ಟು ಸಾಗಿದವು. ಅಶ್ವತ್ಥಪ್ಪನ ಹುಳುಗಳು ಮಾತ್ರ ಇನ್ನೂ ಹಣ್ಣಾಗಿರಲಿಲ್ಲ, ಸೊಪ್ಪಿನ ಕಡ್ಡಿಗಳ ಮೇಲೆ ಮೇಯುತ್ತಿದ್ದವು. ಅಷ್ಟೊಂದನ್ನು ಹೊರುವುದು ಆಗದ ಮಾತು. ಅವನೇ ಬಾಗಿಲು ತೆರೆದು ಗೋಪಿಯನ್ನು ಒಳಗೆ ಬಿಟ್ಟ. ಆಮೇಲೆ ಹೊರಗಿನ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತ. ಒಳಗೆ ಮಳೆ ಹನಿದಂತೆ ಕೇಳುತ್ತಿದ್ದ ಮೇಯುವ ಸದ್ದು ಸ್ವಲ್ಪ ಹೊತ್ತಿಗೆ ನಿಂತಿತು. ಸುನಂದ ಹೋಗಿ ಅವನ ಪಕ್ಕದಲ್ಲಿ ಕೂತಳು.

“ಹುಳ ಇನ್ನೊಂದು ಬೆಳೆಗೆ ಬರುತ್ತೆ ಬಿಡಮ್ಮಾ,” ಎಂದ ಅಶ್ವತ್ಥಪ್ಪ. ಎಂದವನು ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತ.

ಶನಿವಾರ ಫೋನು ಮತ್ತೆ ಕೇಳಿತು. ಸುನಂದ ಪ್ರತಿ ಮನೆಯ ಒಳಗೂ ಹೋಗಿ ನೋಡಿ ಬಂದಿದ್ದಳು, ಹುಳುವಿನ ಮನೆಗಳ ಬಾಗಿಲನ್ನೂ ತೆಗೆಸಿ. ಪರದೆಯಲ್ಲಿ ಅವಳ ಎರಡು ‘ಇಲ್ಲ’ಗಳು ಹಾಗೆಯೇ ಇದ್ದವು, ಇನ್ನು ಯಾವತ್ತೂ ಇರುತ್ತವೆ. ಅವುಗಳ ಕೆಳಗೆ ಅವಳು ‘ಹೌದು’ ಒತ್ತಿ, ಮನೆಗಳ ಲೆಕ್ಕ ಹಾಕಿದಳು.

ಅತ್ತೆ ಜಗುಲಿಯ ಮೇಲೆ ಡ್ರಮ್ಮಿನ ಮುಚ್ಚಳಕ್ಕೆ ಹಳೆ ಸೀರೆ ಕಟ್ಟುತ್ತಿದ್ದಳು.

“ಅತ್ತಮ್ಮಾ, ನಂಗಾದ್ರೂ ಹೇಳ್ಬಾರದಾಗಿತ್ತಾ? ಒಂದೇ ಮನೇಲಿದ್ದು?”

“ಹೇಳಿದ್ರೆ ನೀನು ಬರೀಬೇಕಾಗಿತ್ತಲ್ಲ. ಬರೀದೇ ಇದ್ರೆ ಸುಳ್ಳು ಹೇಳಿದಂಗಾಗ್ತಿತ್ತು. ನನ್ನಿಂದ ನೀನ್ಯಾಕೆ ಸುಳ್ಳಿಯಾಗ್ಬೇಕು ಅಂತ ಸುಮ್ನಿದ್ದೆ ಕಣೇ. ಅದ್ರಲ್ಲಿ ಬಿದ್ದಿದ್ದು ಅಳಿಸೋಕಾಗಲ್ಲ ಅಂತ ನೀನೇ ಹೇಳಿದ್ದೆ.”

ಸುನಂದ ಫೋನನ್ನು ಅತ್ತೆಯ ಮುಂದೆ ಹಿಡಿದು ಆ ಎರಡು ಸಾಲುಗಳನ್ನು ಬೆರಳಿಟ್ಟು ತೋರಿಸಿದಳು.

“ವೆಂಕಟನ ಹೆಂಡ್ತಿಗೆ ಜ್ವರ ಇದ್ದಿದ್ದು ನಂಗೆ ಗೊತ್ತಿತ್ತು ಅತ್ತಮ್ಮಾ. ಗೊತ್ತಿದ್ದೇ ಒತ್ತಿದ್ದು ಇವು.”

ರಾಮಲಕ್ಷ್ಮಮ್ಮನಿಗೆ ಓದಲು ಬರುವುದಿಲ್ಲ. ಆದರೂ ಆ ಸಾಲುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೊಸೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಚಿಕ್ಕ ಮಕ್ಕಳಿಗೆ ನೋಡುವ ಹಾಗೆ ಅವಳ ಹಣೆ ಮುಟ್ಟಿ ನೋಡಿದಳು.